ಸೀಟು ಕೊಟ್ಟ ಮೇಲೆ ಹಳ್ಳಿಯ ಮಕ್ಕಳನ್ನು ಮರೆಯದಿರಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಸವಿನಯ ವಂದನೆಗಳು.

ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುವ ಅಧ್ಯಾಪಕಿ ನಾನು. ಪ್ರತಿ ವರ್ಷ ನಮ್ಮಲ್ಲಿ ಮೊದಲ ಸೆಮಿಸ್ಟರಿಗೆ ಸೇರುವವರಲ್ಲಿ ಹಳ್ಳಿಗಳಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರಾದ ಹುಡುಗ ಹುಡುಗಿಯರು ಸಾಕಷ್ಟು ಮಂದಿ ಇರುತ್ತಾರೆ. ಪ್ರವೇಶದ ದಿನ ಅಪ್ಪನ ಜೊತೆ ಕಡತ ಹಿಡಿದು ನಿಂತ ಅವರ ಮುಖದಲ್ಲಿ ಕಾಣುವ ಉತ್ಸಾಹ ಮೊದಲ ಆಂತರಿಕ ಪರೀಕ್ಷೆಯ ಹೊತ್ತಿಗೆ ಅರ್ಧ ಆರಿಹೋಗಿರುತ್ತದೆ. ಕೆಲವರು ಹಿಂದಿನ ಬೆಂಚಿಗೆ ಸರಿಯುತ್ತಾರೆ, ಕೆಲವರು ವಾರಕ್ಕೆರಡು ದಿನ ಮಾತ್ರ ಕಾಣಿಸಿಕೊಳ್ಳುತ್ತಾರೆ, ಒಬ್ಬಿಬ್ಬರು ದಸರಾ ರಜೆಗೆಂದು ಊರಿಗೆ ಹೋದವರು ಮರಳಿ ಬರುವುದೇ ಇಲ್ಲ. ಇವರಾರೂ ದಡ್ಡರಲ್ಲ. ನಗರದ ಕಾಲೇಜಿನ ಮೊದಲ ಮೂರು ನಾಲ್ಕು ತಿಂಗಳು ಇವರನ್ನು ಹೇಗೆ ಸೋಲಿಸುತ್ತವೆ, ಅದನ್ನು ತಪ್ಪಿಸಲು ತಮ್ಮ ಇಲಾಖೆ ಏನು ಮಾಡಬಹುದು ಎಂಬುದನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಹಳ್ಳಿಯಲ್ಲಿ ಓದಿದ ಮಗುವಿನ ದಾರಿ ಕಠಿಣವೆಂಬುದನ್ನು ನಮ್ಮ ರಾಜ್ಯ ಒಪ್ಪಿಕೊಂಡಿರುವುದು ಇಂದು ನಿನ್ನೆಯಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುವ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಸೀಟುಗಳು ಮೀಸಲಾಗಿವೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಸಂವಿಧಾನದ 371(ಜೆ) ವಿಧಿಯಡಿ ಆ ಭಾಗದ ಸಂಸ್ಥೆಗಳಲ್ಲಷ್ಟೇ ಅಲ್ಲದೆ ರಾಜ್ಯಮಟ್ಟದ ಸಂಸ್ಥೆಗಳಲ್ಲಿಯೂ ಪಾಲಿದೆ. ಇವೆಲ್ಲ ದೊಡ್ಡ ಹೋರಾಟಗಳ ಫಲ, ಅವುಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಶಾಲೆ ಶಾಲೆ ತಿರುಗಿ ವ್ಯಾಸಂಗ ಪ್ರಮಾಣಪತ್ರ ಮಾಡಿಸಿ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿ, ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಪಡೆದು ತಾನು ಹಳ್ಳಿಯವನೆಂದು ಹತ್ತು ಕಡೆ ರುಜುವಾತು ಮಾಡಿ ಸೀಟು ಪಡೆದ ವಿದ್ಯಾರ್ಥಿ ಕಾಲೇಜಿನ ಗೇಟು ದಾಟಿದ ಕೂಡಲೇ ಆ ಸಂಗತಿ ಯಾರಿಗೂ ಬೇಡವಾಗಿಬಿಡುತ್ತದೆ. ತರಗತಿಯ ಪಟ್ಟಿಯಲ್ಲಿ ಅವನದೊಂದು ನೋಂದಣಿ ಸಂಖ್ಯೆ ಮಾತ್ರ. ಅವನು ಎಲ್ಲಿ ಉಳಿದುಕೊಂಡಿದ್ದಾನೆ, ಯಾವ ಭಾಷೆಯಲ್ಲಿ ಓದಿ ಬಂದಿದ್ದಾನೆ, ಊರಿನಿಂದ ಹಣ ಬರುತ್ತದೆಯೋ ಇಲ್ಲವೋ ಎಂಬುದು ಪಾಠ ಮಾಡುವ ನಮಗೂ ಗೊತ್ತಿರುವುದಿಲ್ಲ.

ಮೊದಲು ವಸತಿಯ ವಿಚಾರ, ಏಕೆಂದರೆ ಉಳಿದ ಎಲ್ಲ ಕಷ್ಟಗಳೂ ಅಲ್ಲಿಂದಲೇ ಶುರುವಾಗುತ್ತವೆ. ಕರ್ನಾಟಕದಲ್ಲಿ ಹಳ್ಳಿಯ ಮಕ್ಕಳು ಓದಿ ಮುಂದೆ ಬಂದ ಇತಿಹಾಸವೆಂದರೆ ಬಹುಮಟ್ಟಿಗೆ ವಿದ್ಯಾರ್ಥಿನಿಲಯಗಳ ಇತಿಹಾಸವೇ. ವಾರಾನ್ನದ ಮನೆಗಳಲ್ಲಿ ಉಂಡು ಓದಿದವರು, ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಬೆಳೆದವರು, ಸಮುದಾಯಗಳ ಸಂಘಗಳು ಕಟ್ಟಿದ ಹಾಸ್ಟೆಲುಗಳಲ್ಲಿ ಇದ್ದವರು, ದೇವರಾಜ ಅರಸು ಅವರ ಕಾಲದಿಂದೀಚೆಗೆ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳ ಆಸರೆ ಪಡೆದವರು ಇಂದು ಆಡಳಿತದಲ್ಲಿ, ನ್ಯಾಯಾಂಗದಲ್ಲಿ, ಸಾಹಿತ್ಯದಲ್ಲಿ ತುಂಬಿದ್ದಾರೆ. ಹಾಸ್ಟೆಲ್ ಎಂದರೆ ಮಲಗುವ ಜಾಗ ಮಾತ್ರವಲ್ಲ. ಫೀಸು ಕಟ್ಟುವ ಕೊನೆಯ ದಿನಾಂಕ ಯಾವುದು, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಯಾವ ಅಧ್ಯಾಪಕರ ಬಳಿ ಧೈರ್ಯವಾಗಿ ಕೇಳಬಹುದು ಎಂಬುದನ್ನೆಲ್ಲ ಹೇಳಿಕೊಡುವ ಹಿರಿಯ ವಿದ್ಯಾರ್ಥಿಗಳು ಸಿಗುವುದು ಅಲ್ಲಿಯೇ.

ಆದರೆ ಪ್ರವೇಶ ಮುಗಿದು ತರಗತಿಗಳು ಆರಂಭವಾದ ಮೇಲೂ ಹಾಸ್ಟೆಲ್ ಆಯ್ಕೆ ಪಟ್ಟಿ ಹೊರಬರಲು ಎಷ್ಟೋ ಸಲ ವಾರಗಟ್ಟಲೆ ಕಾಯಬೇಕಾಗುತ್ತದೆ. ನಮ್ಮ ವಿದ್ಯಾರ್ಥಿಯೊಬ್ಬ ಆ ವಾರಗಳನ್ನು ನಗರದ ಅಂಚಿನಲ್ಲಿದ್ದ ಊರಿನವರೊಬ್ಬರ ಕೋಣೆಯಲ್ಲಿ ಕಳೆದ. ಅವರು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರು. ಬೆಳಿಗ್ಗೆ ಅವರು ಬಂದು ಮಲಗುವ ಹೊತ್ತಿಗೆ ಇವನು ಎದ್ದು ಹೊರಡಬೇಕಿತ್ತು, ತರಗತಿ ಮಧ್ಯಾಹ್ನಕ್ಕೆ ಮುಗಿದರೂ ಸಂಜೆ ಅವರು ಕೆಲಸಕ್ಕೆ ಹೋಗುವವರೆಗೆ ಕೋಣೆಗೆ ಮರಳುವಂತಿರಲಿಲ್ಲ. ಗ್ರಂಥಾಲಯದ ಬಾಗಿಲು ಹಾಕುವವರೆಗೆ ಅಲ್ಲಿ ಕುಳಿತು, ಆಮೇಲೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನೋಟ್ ಪುಸ್ತಕ ಬಿಡಿಸಿಕೊಂಡು ಲೆಕ್ಕ ಮಾಡುತ್ತಿದ್ದ. ಅವನಿಗೆ ಹಾಸ್ಟೆಲ್ ಸಿಕ್ಕಿದಾಗ ಲೆಕ್ಕಶಾಸ್ತ್ರದ ಬುನಾದಿ ಅಧ್ಯಾಯಗಳೆಲ್ಲ ಮುಗಿದಿದ್ದವು. ಅವನಂತೆ ಕೋಣೆಯೂ ಸಿಗದವರು ಪಟ್ಟಿ ಬರುವವರೆಗೆ ಊರಿನಲ್ಲೇ ಉಳಿಯುತ್ತಾರೆ. ಆ ದಿನಗಳ ಗೈರುಹಾಜರಿ ಮುಂದೆ ಶೇ. 75ರ ಹಾಜರಿ ನಿಯಮದ ಎದುರು ಬಂದು ನಿಲ್ಲುತ್ತದೆ, ದಂಡ ತೆರುವುದು ಮಾತ್ರ ವಿದ್ಯಾರ್ಥಿಯೇ.

ವಿದ್ಯಾರ್ಥಿನಿಲಯಗಳು ತಮ್ಮ ಇಲಾಖೆಯ ಕೆಳಗೆ ಬರುವುದಿಲ್ಲ, ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಅವುಗಳನ್ನು ನಡೆಸುತ್ತವೆ ಎಂಬುದನ್ನು ಬಲ್ಲೆ. ಪ್ರವೇಶದ ಮಾಹಿತಿ ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ತಂತ್ರಾಂಶವಾದ ಯುಯುಸಿಎಂಎಸ್‌ನಲ್ಲಿ, ಹಾಸ್ಟೆಲ್ ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲಿನಲ್ಲಿ, ವಿದ್ಯಾರ್ಥಿವೇತನ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಾದ ಎಸ್‌ಎಸ್‌ಪಿಯಲ್ಲಿ ಎಂದು ಒಬ್ಬನೇ ವಿದ್ಯಾರ್ಥಿ ಒಂದೇ ದಾಖಲೆಗಳನ್ನು ಮೂರು ಕಡೆ ತುಂಬುತ್ತಾನೆ. ಈ ಮೂರೂ ಸರ್ಕಾರದವೇ ಆಗಿರುವಾಗ, ಪ್ರವೇಶ ಖಚಿತವಾದ ದಿನವೇ ಹಾಸ್ಟೆಲ್ ಅರ್ಹತೆಯೂ ಗೊತ್ತಾಗುವಂತೆ ಅವುಗಳನ್ನು ಜೋಡಿಸುವುದು ಅಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ. ಸಂಬಂಧಪಟ್ಟ ಸಚಿವರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಆಯ್ಕೆ ಪಟ್ಟಿ ಪ್ರಕಟವಾದ ಮೇಲೆಯೇ ಮೊದಲ ಸೆಮಿಸ್ಟರಿನ ತರಗತಿಗಳು ಆರಂಭವಾಗುವಂತೆ ಶೈಕ್ಷಣಿಕ ವೇಳಾಪಟ್ಟಿಯನ್ನು ರೂಪಿಸಲು ತಮ್ಮಿಂದ ಸಾಧ್ಯವಿದೆ. ಅದು ಸಾಧ್ಯವಾಗದ ವರ್ಷ, ಹಾಸ್ಟೆಲ್ ಹಂಚಿಕೆಗೆ ಮುಂಚಿನ ದಿನಗಳನ್ನು ಅರ್ಜಿದಾರ ವಿದ್ಯಾರ್ಥಿಗಳ ಹಾಜರಿ ಲೆಕ್ಕದಿಂದ ಕೈಬಿಡುವಂತೆ ವಿಶ್ವವಿದ್ಯಾಲಯಗಳಿಗೆ ಸೂಚಿಸಬಹುದು. ಹಾಸ್ಟೆಲ್ ಸಿಗದವರಿಗೆ ಊಟ, ವಸತಿಗೆ ಹಣದ ನೆರವು ನೀಡಲೆಂದು 2013–14ರ ಸುಮಾರಿಗೆ ಬಂದ ವಿದ್ಯಾಸಿರಿ ಯೋಜನೆ ನಿಜಕ್ಕೂ ಒಳ್ಳೆಯ ಯೋಜನೆ. ಆದರೆ ಪೇಯಿಂಗ್ ಗೆಸ್ಟ್ (ಪಿ.ಜಿ.) ವಸತಿಯ ಮಾಲೀಕರು ಮುಂಗಡ ಕೇಳುವುದು ಕೋಣೆ ಸೇರುವ ದಿನ. ಅಂಥ ನೆರವು ವರ್ಷದ ಕೊನೆಗೆ ಖಾತೆಗೆ ಬಂದರೆ ಆಗಲೇ ಮಾಡಿದ ಸಾಲ ತೀರಿಸುವುದಕ್ಕಷ್ಟೇ ಆಗುತ್ತದೆ.

ಎರಡನೆಯದು ಭಾಷೆ. ಇದರ ಬಗ್ಗೆ ಸಭೆಗಳಲ್ಲಿ ಬಹಳ ಮಾತು ನಡೆಯುತ್ತದೆ, ತರಗತಿಯಲ್ಲಿ ಕೆಲಸ ಮಾತ್ರ ಕಡಿಮೆ. ಪಿಯುಸಿಯಲ್ಲಿ ಲೆಕ್ಕಶಾಸ್ತ್ರವನ್ನು ಕನ್ನಡದಲ್ಲಿ ಓದಿ ತೊಂಬತ್ತರ ಮೇಲೆ ಅಂಕ ಪಡೆದ ಹುಡುಗಿಯೊಬ್ಬಳು ಎರಡು ವಾರ ನನ್ನ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ತರಗತಿ ಮುಗಿದ ಮೇಲೆ ಅವಳನ್ನು ಕರೆದು, ತಾಳೆಪಟ್ಟಿಯೊಂದನ್ನು (ಟ್ರಯಲ್ ಬ್ಯಾಲೆನ್ಸ್) ಕೊಟ್ಟು, ಸವಕಳಿ (ಡಿಪ್ರಿಸಿಯೇಷನ್) ಕಳೆದು ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ತಯಾರಿಸಲು ಕನ್ನಡದಲ್ಲಿ ಹೇಳಿದೆ. ಕಪ್ಪು ಹಲಗೆಯ ಮೇಲೆ ಒಂದು ಅಂಕಿಯನ್ನೂ ಅಳಿಸದೆ ಎರಡೂ ಬದಿ ಸರಿಹೊಂದಿಸಿ ತೋರಿಸಿದಳು. ಆ ವಿಷಯ ತರಗತಿಯ ಹಲವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಅದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ವೇಗವಾಗಿ ಹೇಳಿದಾಗ ಯಾವುದನ್ನು ಎಲ್ಲಿ ಬರೆಯಬೇಕೆಂಬುದು ಅವಳಿಗೆ ತಿಳಿಯುತ್ತಿರಲಿಲ್ಲ, ಕೇಳಲು ಅಂಜಿಕೆ. ಒಂದು ವಿಷಯಕ್ಕೆ ನೂರೈವತ್ತೋ ಇನ್ನೂರೋ ಪಾರಿಭಾಷಿಕ ಪದಗಳು. ಅವನ್ನು ಎರಡೂ ಭಾಷೆಗಳಲ್ಲಿ ಎದುರುಬದುರು ಕೊಟ್ಟು, ಮೊದಲ ತಿಂಗಳು ಅಧ್ಯಾಪಕರು ಎರಡನ್ನೂ ಬಳಸಿ ಪಾಠ ಮಾಡಿದರೆ ಇಂಥ ವಿದ್ಯಾರ್ಥಿಗಳು ಬಹುಬೇಗ ಚೇತರಿಸಿಕೊಳ್ಳುತ್ತಾರೆ. ಇದನ್ನು ನಾನು ಮಾಡಿ ನೋಡಿ ಹೇಳುತ್ತಿದ್ದೇನೆ.

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ವರ್ಷದ ಆರಂಭದಲ್ಲಿ ಸೇತುಬಂಧ ಕಾರ್ಯಕ್ರಮ ನಡೆಯುತ್ತದೆ. ಹಿಂದಿನ ತರಗತಿಯಲ್ಲಿ ಮಗು ಎಲ್ಲಿಗೆ ಬಂದು ನಿಂತಿದೆ ಎಂದು ನೋಡಿಕೊಂಡು ಶಿಕ್ಷಕರು ಮುಂದಿನ ಪಾಠಕ್ಕೆ ಹೋಗುತ್ತಾರೆ. ಏಳನೇ ತರಗತಿಯಿಂದ ಎಂಟಕ್ಕೆ ಹೋಗುವ ಮಗುವಿಗೆ ಬೇಕೆನಿಸಿದ್ದು, ಊರು, ಭಾಷೆ, ಮನೆ ಎಲ್ಲವೂ ಒಂದೇ ವಾರದಲ್ಲಿ ಬದಲಾಗುವ ಹದಿನೆಂಟರ ವಿದ್ಯಾರ್ಥಿಗೆ ಬೇಡವೆನಿಸಿದ್ದು ಹೇಗೆ? ವಿಶ್ವವಿದ್ಯಾಲಯಗಳ ಪ್ರಕಟಣಾ ವಿಭಾಗಗಳಾದ ಪ್ರಸಾರಾಂಗಗಳು ಪ್ರತಿ ವಿಷಯಕ್ಕೂ ದ್ವಿಭಾಷಾ ಪದಪಟ್ಟಿಯೊಂದನ್ನು ಸಿದ್ಧಪಡಿಸಿ ಪ್ರವೇಶದ ದಿನವೇ ವಿದ್ಯಾರ್ಥಿಯ ಕೈಗೆ ಸಿಗುವಂತೆ ಮಾಡಬೇಕು. ಬೋಧನೆ ಇಂಗ್ಲಿಷಿನಲ್ಲಿದ್ದರೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಅವಕಾಶ ನೀಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 2023ರ ಏಪ್ರಿಲ್‌ನಲ್ಲೇ ವಿಶ್ವವಿದ್ಯಾಲಯಗಳನ್ನು ಕೋರಿತ್ತು. ನಮ್ಮ ರಾಜ್ಯದಲ್ಲಿ ಯಾವ ಕೋರ್ಸಿನ ಯಾವ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯಬಹುದು ಎಂಬುದನ್ನು ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ ಸ್ಪಷ್ಟವಾಗಿ ಹಾಕಿಸಿ. ಗೊತ್ತಿಲ್ಲದ ಅವಕಾಶ ಇದ್ದೂ ಇಲ್ಲದಂತೆ.

ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಕ್ರಮವೂ ಕಾಗದದ ಮೇಲೆ ಸೊಗಸಾಗಿಯೇ ಇದೆ. ತಾಂತ್ರಿಕ ಕಾಲೇಜುಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಮೂರು ವಾರಗಳ ಪರಿಚಯ ಕಾರ್ಯಕ್ರಮವನ್ನು ರೂಪಿಸಿದೆ, ಯುಜಿಸಿಯು 2019ರಲ್ಲಿ ದೀಕ್ಷಾರಂಭ ಎಂಬ ಮಾರ್ಗದರ್ಶಿಯನ್ನು ಹೊರತಂದಿದೆ. ಅನೇಕ ಕಡೆ ಇದು ಒಂದು ದಿನದ ಸಮಾರಂಭವಾಗಿ ಮುಗಿಯುತ್ತದೆ: ವೇದಿಕೆ, ದೀಪ ಬೆಳಗುವುದು, ಹಾರ, ನಾಲ್ಕು ಭಾಷಣ, ಫೋಟೊ. ಆ ಭಾಷಣಗಳಲ್ಲಿ ಒಂದು ಕಡ್ಡಾಯವಾಗಿ ವ್ಯಕ್ತಿತ್ವ ವಿಕಸನದ ಕುರಿತು ಇರುತ್ತದೆ, ಹಳ್ಳಿಯ ಮಕ್ಕಳು ಕೀಳರಿಮೆ ಬಿಡಬೇಕು ಎಂಬ ಉಪದೇಶ ಅದರಲ್ಲಿರುತ್ತದೆ. ಈ ಉಪದೇಶದ ಬಗ್ಗೆ ನನಗೆ ತೀವ್ರ ಆಕ್ಷೇಪವಿದೆ. ಇರಲು ಜಾಗವಿಲ್ಲದೆ, ಪಾಠದ ಭಾಷೆ ಅರ್ಥವಾಗದೆ, ತನ್ನ ಉಚ್ಚಾರಣೆಗೆ ಪಕ್ಕದವರು ನಕ್ಕಾಗ ಸುಮ್ಮನಾಗುವ ವಿದ್ಯಾರ್ಥಿಯ ಮನಸ್ಸಿನಲ್ಲೇ ದೋಷವಿದೆ ಎಂದು ಹೇಳುವುದು ನಮ್ಮ ವ್ಯವಸ್ಥೆಯ ದೋಷವನ್ನು ಅವನ ತಲೆಗೆ ಕಟ್ಟಿದಂತೆ. ದಿನ ಬೆಳಗಾದರೆ ದನಕರು ನೋಡಿಕೊಂಡು, ಹತ್ತಾರು ಕಿಲೋಮೀಟರ್ ದೂರದ ಕಾಲೇಜಿಗೆ ಬಸ್ಸಿನಲ್ಲಿ ನಿಂತು ಹೋಗಿ ಪಿಯುಸಿ ಮುಗಿಸಿ ಬಂದವರಿಗೆ ಆತ್ಮವಿಶ್ವಾಸದ ಪಾಠ ಹೇಳುವ ಅಗತ್ಯವಿಲ್ಲ.

ಅವರಿಗೆ ಬೇಕಾದದ್ದು ಕೇಳಿದರೆ ಉತ್ತರ ಕೊಡುವ ಒಬ್ಬ ವ್ಯಕ್ತಿ. ಮಾರ್ಗದರ್ಶಕ ಅಧ್ಯಾಪಕರೆಂಬ ವ್ಯವಸ್ಥೆ ಹೆಸರಿಗೆ ಎಲ್ಲ ಕಾಲೇಜುಗಳಲ್ಲೂ ಇದೆ. ಆದರೆ ಪಾಠದ ಹೊರೆಯ ಬಹುಪಾಲನ್ನು ಅತಿಥಿ ಉಪನ್ಯಾಸಕರೇ ಹೊತ್ತಿರುವ ಕಾಲೇಜುಗಳಲ್ಲಿ, ತಮ್ಮ ಕೆಲಸವೇ ಮುಂದಿನ ವರ್ಷ ಇರುತ್ತದೋ ಇಲ್ಲವೋ ಎಂಬ ಆತಂಕದಲ್ಲಿರುವವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಹಳ್ಳಿಯಿಂದ ಬಂದು ಎರಡು ವರ್ಷ ನಗರದಲ್ಲಿ ಕಳೆದ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ನೇಮಿಸಿ, ಮೊದಲ ಸೆಮಿಸ್ಟರಿನ ಅವಧಿಗೆ ಸಣ್ಣ ಗೌರವಧನ ಕೊಡಬೇಕೆಂಬುದು ನನ್ನ ಸಲಹೆ. ಅವರಿಗೂ ಆ ಹಣ ಬೇಕಾಗಿರುತ್ತದೆ. ರಾತ್ರಿ ಹನ್ನೊಂದರವರೆಗೆ ಮನೆಮನೆಗೆ ಊಟ ತಲುಪಿಸಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವವರಲ್ಲಿ ಕೆಲವರಿಗಾದರೂ ಆ ದುಡಿಮೆ ತಪ್ಪಬಹುದು.

ಮನಸ್ಸು ತೀರಾ ಕುಸಿದಾಗ ಕರೆ ಮಾಡಲು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ, ಅದರ ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು. ಅದರ ಹಿಂದಿರುವ ನಿಮ್ಹಾನ್ಸ್ ಇರುವುದು ಇದೇ ನಗರದಲ್ಲಿ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯುವ ಕುರಿತು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು ಎಂಬುದೇ ಪರಿಸ್ಥಿತಿಯ ಗಾಂಭೀರ್ಯವನ್ನು ಹೇಳುತ್ತದೆ. ಸಹಾಯವಾಣಿಯ ಸಂಖ್ಯೆಯನ್ನು ಹಾಸ್ಟೆಲ್ ಗೋಡೆಗಳ ಮೇಲೆ ಬರೆಸುವುದು ಸುಲಭ, ಬರೆಸಲೇಬೇಕು. ಆದರೆ ಅಪರಿಚಿತರಿಗೆ ಫೋನ್ ಮಾಡುವ ಮುಂಚೆ ವಿದ್ಯಾರ್ಥಿ ತನ್ನ ಪಕ್ಕದ ಹಾಸಿಗೆಯವನಿಗೆ ಹೇಳಿಕೊಳ್ಳುತ್ತಾನೆ. ಆ ಪಕ್ಕದ ಹಾಸಿಗೆ ಸಕಾಲದಲ್ಲಿ ಸಿಗಲಿ ಎಂದೇ ವಸತಿಯ ವಿಚಾರವನ್ನು ನಾನು ಇಷ್ಟು ಬೆಳೆಸಿದ್ದು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಹೇಳಲೇಬೇಕು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಅವರು ದುಡ್ಡಿನ ಚಿಂತೆಯಿಲ್ಲದೆ ಊರಿಗೆ ಹೋಗಿ ಬರುತ್ತಿದ್ದಾರೆ, ನಗರದೊಳಗೆ ನಿರಾತಂಕವಾಗಿ ಓಡಾಡುತ್ತಿದ್ದಾರೆ. ಆದರೆ ಹಾಸ್ಟೆಲ್ ತಡವಾದರೆ ಗಂಡುಮಕ್ಕಳಂತೆ ಯಾರದೋ ಕೋಣೆಯಲ್ಲಿ ಹೊಂದಿಕೊಳ್ಳುವುದು ಅವರಿಗೆ ಆಗದು. ಮನೆಯವರು ಒಂದು ತಿಂಗಳು ನೋಡಿ, ಸಾಕು ಬಾ ಎಂದು ಕರೆಸಿಕೊಳ್ಳುತ್ತಾರೆ, ಮದುವೆಯ ಮಾತೂ ಆಗಲೇ ಶುರುವಾಗುತ್ತದೆ. ಆದ್ದರಿಂದ ಮೊದಲ ವರ್ಷದ ಹೆಣ್ಣುಮಕ್ಕಳಿಗೆ ಪ್ರವೇಶದ ದಿನದಿಂದಲೇ ತಾತ್ಕಾಲಿಕ ವಸತಿ ಒದಗಿಸಬೇಕು. ಪಟ್ಟಿ ಬಂದ ಮೇಲೆ ಅವರವರ ನಿಲಯಗಳಿಗೆ ಕಳುಹಿಸಿದರಾಯಿತು.

ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಅಂತಿಮಗೊಳ್ಳುವ ಮುನ್ನ ಹಾಸ್ಟೆಲ್ ಹಂಚಿಕೆ, ಹಾಜರಿ ವಿನಾಯಿತಿ ಹಾಗೂ ಪದವಿ ಹಂತದ ಸೇತುಬಂಧದ ಕುರಿತು ತಾವು ಆದೇಶ ಹೊರಡಿಸಬೇಕೆಂದು ಪ್ರಾರ್ಥಿಸುತ್ತೇನೆ. ವಾಣಿಜ್ಯ ವಿಷಯಗಳ ದ್ವಿಭಾಷಾ ಪದಪಟ್ಟಿಯ ಕರಡನ್ನು ನಾವು ಕೆಲವು ಅಧ್ಯಾಪಕರು ಸೇರಿ ಸಿದ್ಧಪಡಿಸಿಕೊಂಡಿದ್ದೇವೆ. ಇಲಾಖೆ ಬಯಸಿದರೆ ಯಾವ ಸಂಭಾವನೆಯೂ ಇಲ್ಲದೆ ಅದನ್ನು ಒಪ್ಪಿಸಲು, ತಿದ್ದುಪಡಿಗೆ ಬೇಕಾದ ಕೆಲಸ ಮಾಡಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಪದವಿ ಕಾಲೇಜೊಂದರ ಅಧ್ಯಾಪಕಿ