ಟ್ಯಾಂಕು, ಸೀಟು, ಎಂಜಿನ್ನು, ಎರಡು ಚಕ್ರ

ಪ್ರೀತಿಯ ಪುಟ್ಟನಿಗೆ,

ಅಕ್ಕನ ಆಶೀರ್ವಾದಗಳು. ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಾನು ಇಲ್ಲಿ ಆರಾಮಾಗಿದ್ದೀನಿ.

ಹಳೇ ಸಾಮಾನು ಸೇರಿಸಿ ನಾನು ಬೈಕು ಹೇಗೆ ಕಟ್ಟಿದೆ, ನಿನ್ನದನ್ನು ಹೇಗೆ ಕಟ್ಟೋದು ಅಂತ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಒಂದಕ್ಕೂ ನೆಟ್ಟಗೆ ಉತ್ತರ ಕೊಡೋಕೆ ಆಗಲಿಲ್ಲ. ನೀನು ಕಾರ್ಬೊರೇಟರ್ ಅನ್ನೋಷ್ಟರಲ್ಲಿ ಹಿಂದಿನಿಂದ ಅಮ್ಮ "ಆ ಗುಜರಿ ಗಾಡಿ ಮೇಲೆ ಕೂತ್ಕೋತಾಳಂತಾ?" ಅಂತ ಶುರು ಮಾಡ್ತಾಳೆ. ಅದಕ್ಕೇ ಕಾಗದ ಬರೀತಿದ್ದೀನಿ. ಬ್ರೇಕು, ಟೈರಿನ ವಿಷಯ ಬಂದಾಗ ಅಷ್ಟನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ಮಿಕ್ಕಿದ್ದು ನಿನಗೆ.

ಗಾಡಿ ಎದ್ದು ನಿಂತಿದೆ, ಓಡ್ತಾನೂ ಇದೆ. ಎಂಜಿನ್, ಫ್ರೇಮ್ ಎರಡೂ ಒಂದೇ ಗಾಡಿಯವು, ಯಮಹಾ ಎಸ್‌ಆರ್500. 1978ರಲ್ಲಿ ಮೊದಲು ಬಂದ ಮಾಡೆಲ್ಲು. ಒಂದೇ ಸಿಲಿಂಡರ್, 87 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 84 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ), 499 ಸಿಸಿ, ಎರಡೇ ವಾಲ್ವು, ಗಾಳಿಯಲ್ಲೇ ತಣ್ಣಗಾಗೋ ಎಂಜಿನ್. ಇದಕ್ಕಿಂತ ಎರಡು ವರ್ಷ ಮೊದಲು ಬಂದ ಯಮಹಾದ್ದೇ ಎಕ್ಸ್‌ಟಿ500ರ ಎಂಜಿನ್ನೇ ಇದರ ಮೂಲ. 1979ರ ಮೊದಲ ಪ್ಯಾರಿಸ್–ಡಕಾರ್ ರ‍್ಯಾಲಿಯನ್ನು ಸಿರಿಲ್ ನೆವೂ ಗೆದ್ದಿದ್ದು ಆ ಎಕ್ಸ್‌ಟಿಯಲ್ಲೇ. ಮರಳುಗಾಡು ದಾಟಿದ ಎಂಜಿನ್ ಅಂತ ಅಪ್ಪನಿಗೆ ಹೇಳು, ಅವರಿಗೆ ಸಮಾಧಾನವಾಗುತ್ತೆ. ಟ್ಯಾಂಕು ಇನ್ಯಾವುದೋ ಸಣ್ಣ ಗಾಡಿಯದು. ಹೆಡ್‌ಲೈಟು, ಹ್ಯಾಂಡಲ್ಲು, ಹಿಂದಿನ ಮಡ್‌ಗಾರ್ಡು ಒಂದೊಂದು ಒಂದೊಂದು ಕಡೆಯಿಂದ ಸಿಕ್ಕಿದ್ದು.

ಸೆಲ್ಫ್ ಸ್ಟಾರ್ಟು ಇಲ್ಲ, ಕಿಕ್ಕರ್ ಮಾತ್ರ. ಐನೂರು ಸಿಸಿಯ ಒಂಟಿ ಪಿಸ್ಟನ್ನನ್ನು ಬರೀ ಕಾಲಿನ ಬಲದಿಂದ ಎಬ್ಬಿಸೋಕೆ ಆಗಲ್ಲ, ಅದಕ್ಕೊಂದು ಕ್ರಮ ಇದೆ. ಕ್ಲಚ್ ಹತ್ತಿರ ಡಿಕಂಪ್ರೆಶನ್ ಲಿವರ್ ಅಂತ ಒಂದು ಪುಟ್ಟ ಹಿಡಿಕೆ. ಅದನ್ನು ಅದುಮಿದರೆ ವಾಲ್ವು ಸ್ವಲ್ಪ ತೆರೆದುಕೊಂಡು ಒತ್ತಡ ಇಳಿಯುತ್ತೆ. ಆಗ ಕಿಕ್ಕರನ್ನು ಮೆಲ್ಲಗೆ ತಳ್ಳುತ್ತಾ ಎಂಜಿನ್ ಹೆಡ್ಡಿನ ಪಕ್ಕದ ಗಾಜಿನ ಕಿಂಡಿಯಲ್ಲಿ ಬೆಳ್ಳಿ ಬಣ್ಣದ ಗುರುತು ಬರೋವರೆಗೂ ತರಬೇಕು. ಗುರುತು ಬಂತು ಅಂದರೆ ಪಿಸ್ಟನ್ ಮೇಲಿನ ತುದಿ ದಾಟಿ ಸ್ವಲ್ಪ ಆಚೆಗಿದೆ. ಲಿವರ್ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ, ಪೂರ್ತಿ ಕೆಳಗಿನವರೆಗೆ ಒಂದು ಒದೆತ. ಅರ್ಧ ಮನಸ್ಸಿನಲ್ಲಿ ಒದ್ದರೆ ಕಾಲಿಗೇ ವಾಪಸ್ ಕೊಡುತ್ತೆ.

ನೀನು ಕಳಿಸಿದ, ಕತ್ತರಿಸಿ ಕಟ್ಟಿದ ಬೈಕುಗಳ ಫೋಟೋಗಳನ್ನು ನೋಡಿದೆ. ಚೆನ್ನಾಗಿವೆ, ಆದರೆ ಅರ್ಧಕ್ಕರ್ಧ ಶೋಕಿ. ಈ ಕತ್ತರಿಸಿ ಹಗುರ ಮಾಡೋ ಚಾಳಿ ಹಳೇದು. 1930–40ರ ದಶಕಗಳಲ್ಲಿ ಅಮೆರಿಕದ ಹುಡುಗರು ಮುಂದಿನ ಮಡ್‌ಗಾರ್ಡು ಕಿತ್ತು, ಹಿಂದಿನದನ್ನು ಮೊಟಕು ಮಾಡಿ ಓಡಿಸ್ತಿದ್ದರು. ಅದೇ ಆಮೇಲೆ ಬಾಬರ್ ಅನ್ನೋ ಬೈಕಿನ ಮಾದರಿ ಆಯ್ತು. 1950–60ರಲ್ಲಿ ಇಂಗ್ಲೆಂಡಿನವರು ಹ್ಯಾಂಡಲ್ ತಗ್ಗಿಸಿ, ಸೀಟು ಒಬ್ಬರಿಗೆ ಮಾಡಿ ಕೆಫೆ ರೇಸರ್ ಕಟ್ಟಿದರು. ಇಬ್ಬರಿಗೂ ಬೇಕಿದ್ದದ್ದು ವೇಗ, ಅದಕ್ಕೆ ತೂಕ ಇಳಿಸಿದರು. ಈಗಿನವರು ತೂಕ ಇಳಿಸಿ, ಅದರ ಮೇಲೆ ಸೈಲೆನ್ಸರಿಗೆ ಬ್ಯಾಂಡೇಜ್ ಸುತ್ತುತ್ತಾರೆ. ಆ ಸುತ್ತಿದ ಪಟ್ಟಿಯೊಳಗೆ ನೀರು ನಿಂತು ಪೈಪು ಒಳಗೊಳಗೇ ತುಕ್ಕು ಹಿಡಿಯುತ್ತೆ. ಡಾಂಬರು ರಸ್ತೆಗೆ ಗುಬಟು ಗುಬಟಾದ ಮಣ್ಣಿನ ಟೈರು ಹಾಕ್ತಾರೆ, ಹಲಗೆಯಂಥ ಸೀಟು ಕೂರಿಸ್ತಾರೆ. ಒಂದು ಗಂಟೆ ಕೂತು ಓಡಿಸೋಕಾಗದ ಗಾಡಿ ನನಗೆ ಬೇಡ. ನನ್ನದರಲ್ಲಿ ಎರಡೂ ಮಡ್‌ಗಾರ್ಡು ಇವೆ, ಸೀಟಿನಲ್ಲಿ ದಪ್ಪ ಫೋಮು ಇದೆ. ಹಾಗಂತ ಅಲಂಕಾರ ಏನೂ ಇಲ್ಲ. ಟ್ಯಾಕೋಮೀಟರ್, ಪಕ್ಕದ ಡಬ್ಬಗಳು, ಕ್ರೋಮಿನ ಮುಚ್ಚಳಗಳು, ಹಿಂದೆ ಕೂರುವವರ ಫುಟ್‌ರೆಸ್ಟು ಎಲ್ಲ ಹೋದವು.

ನಿನ್ನ ಮೊದಲ ಪ್ರಶ್ನೆ, ಎಲ್ಲಿಂದ ಶುರು ಮಾಡೋದು ಅಂತ. ಗ್ರೈಂಡರ್ ಕೈಗೆ ತಗೋಬೇಡ. ಮೊದಲು ಸಿಕ್ಕಿದ ಸಾಮಾನನ್ನೆಲ್ಲ ಫ್ರೇಮಿಗೆ ಇಟ್ಟು, ತಂತಿ ಕಟ್ಟಿ, ಕೂರುತ್ತಾ ಇಲ್ವಾ ನೋಡು. ಟ್ಯಾಂಕಿನ ಹೊರ ಆಕಾರಕ್ಕೆ ಮರುಳಾಗಬೇಡ, ತಿರುಗಿಸಿ ಹೊಟ್ಟೆಯ ಕೆಳಗಿನ ಕಾಲುವೆಯನ್ನು ಅಳೆ. ಎಸ್‌ಆರ್‌ನ ಮೇಲಿನ ಪೈಪು ದಪ್ಪ, ಸಣ್ಣ ಗಾಡಿಗಳ ಎಷ್ಟೋ ಟ್ಯಾಂಕುಗಳು ಅದರ ಮೇಲೆ ಇಳಿಯೋದೇ ಇಲ್ಲ. ಪೆಟ್ರೋಲ್ ಕಾಕು, ಅಂದರೆ ಟ್ಯಾಂಕಿನ ನಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಟ್ಯಾಂಕು ಅರ್ಧ ಇರುವಾಗಲೇ ಗಾಡಿ ನಿಲ್ಲುತ್ತೆ. ಫ್ರೇಮ್ ನಂಬರು ಕೊರೆದಿರೋ ಜಾಗಕ್ಕೆ ಗ್ರೈಂಡರ್, ಫೈಲು ಯಾವುದೂ ತಾಗಬಾರದು. ಕಾಗದಪತ್ರ ಇಲ್ಲದ ಫ್ರೇಮು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಇನ್ನೊಂದು, ಸ್ಕ್ರೂ ವಿಷಯ. ಹಳೇ ಜಪಾನಿ ಎಂಜಿನ್ನಿನ ಮುಚ್ಚಳದ ಪ್ಲಸ್ ಸ್ಕ್ರೂಗಳು ಮಾಮೂಲಿ ಫಿಲಿಪ್ಸ್ ಅಲ್ಲ, ಜೆಐಎಸ್ ಅನ್ನೋ ಜಪಾನಿ ಅಳತೆಯವು. ಎಷ್ಟೋ ಸ್ಕ್ರೂಗಳ ತಲೆ ಮೇಲೆ ಸಣ್ಣ ಚುಕ್ಕಿ ಇರುತ್ತೆ. ಫಿಲಿಪ್ಸ್ ಡ್ರೈವರ್ ಅದರಲ್ಲಿ ತಳದವರೆಗೆ ಕೂರಲ್ಲ, ತಿರುಗಿಸಿದರೆ ಜಾರಿ ತಲೆ ಸವೆದು ಹೋಗುತ್ತೆ. ಎಲ್ಲರೂ ಸ್ಕ್ರೂ ಮೆತ್ತಗಿದೆ ಅಂತ ಬೈಯ್ತಾರೆ. ಜೆಐಎಸ್ ಡ್ರೈವರ್ ತಗೋ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಬಿಡು, ಸುತ್ತಿಗೆಯಲ್ಲಿ ಹೊಡೆದರೆ ತಿರುಗೋ ಇಂಪ್ಯಾಕ್ಟ್ ಡ್ರೈವರ್ ಒಂದು ಇಟ್ಟುಕೋ.

ಈ ಗಾಡಿಗೆ ಬೇರೆ ಆಯಿಲ್ ಟ್ಯಾಂಕಿಲ್ಲ, ಫ್ರೇಮಿನ ಪೈಪೇ ಟ್ಯಾಂಕು. ಎಂಜಿನ್ ಆಯಿಲ್ ಫ್ರೇಮಿನಲ್ಲಿ ನಿಂತು ಅಲ್ಲಿಂದ ಇಳಿದು ಬರುತ್ತೆ. ಹಾಗಾಗಿ ಆ ಪೈಪಿಗೆ ಎಲ್ಲೆಂದರಲ್ಲಿ ತೂತು ಕೊರೆಯೋ ಹಾಗಿಲ್ಲ, ಕತ್ತರಿಸೋ ಹಾಗಿಲ್ಲ. ಪೇಂಟು ತೆಗೆಸೋಕೆ ಮರಳು ಹೊಡೆಸಿದರೆ ಒಂದು ಕಾಳು ಒಳಗೆ ಉಳಿದರೂ ಅದು ಹೋಗಿ ಸೇರೋದು ಎಂಜಿನ್ನಿಗೇ. ನಾನು ಮರಳು ಹೊಡೆಸಲೇ ಇಲ್ಲ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಪೈಪಿನ ಬಾಯಿಗಳನ್ನು ಬಿಗಿಯಾಗಿ ಮುಚ್ಚಿ, ಕಪ್ಪು ಬಣ್ಣ ಹೊಡೆದೆ. ಆಯಿಲ್ ನೋಡೋದು ಕೂಡ ಬೇರೆ ಗಾಡಿ ಹಾಗಲ್ಲ. ನಿಂತ ಗಾಡಿಯಲ್ಲಿ ಆಯಿಲ್ ಮೆಲ್ಲಗೆ ಕೆಳಗೆ ಎಂಜಿನ್ನಿಗೆ ಇಳಿದಿರುತ್ತೆ, ಆಯಿಲ್ ಅಳೆಯೋ ಕಡ್ಡಿ ಖಾಲಿ ತೋರಿಸುತ್ತೆ. ಎಂಜಿನ್ ಬಿಸಿ ಮಾಡಿ ಆಮೇಲೆ ನೋಡಬೇಕು. ತಣ್ಣಗಿರುವಾಗ ನೋಡಿ ಮೇಲೆ ಸುರಿದವರು ಬೇಕಾದಷ್ಟು ಜನ.

ಪೆಟ್ರೋಲ್ ಟ್ಯಾಂಕಿನ ತುಕ್ಕಿಗೆ ಏನು ಮಾಡಿದೆ ಅಂತ ನೀನು ಕೇಳಿದ್ದೆ. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟಿದ್ದು ಇದೇ, ಸ್ವಲ್ಪ ಬಿಡಿಸಿ ಬರೀತೀನಿ. ಪೆಟ್ರೋಲ್ ಪೂರ್ತಿ ತೆಗೆದು, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ವಾಸನೆಯೇ ಇಲ್ಲದ ಹಾಗೆ ಮಾಡಬೇಕು. ಕಾಕು ತೆಗೆದ ತೂತು ಮುಚ್ಚಿ, ನೀರು ತುಂಬಿಸಿ ಅದಕ್ಕೆ ವಾಷಿಂಗ್ ಸೋಡಾ ಕಲಸು. ಅಡುಗೆ ಉಪ್ಪು ಹಾಕಬೇಡ, ಕ್ಲೋರಿನ್ ಏಳುತ್ತೆ. ಮುಚ್ಚಳದ ಬಾಯಿಂದ ಒಂದು ಕಬ್ಬಿಣದ ಸರಳು ಇಳಿಬಿಡು. ಅದು ಟ್ಯಾಂಕಿಗೆ ಎಲ್ಲೂ ತಾಗಬಾರದು, ಹಳೇ ರಬ್ಬರ್ ಟ್ಯೂಬು ಸುತ್ತಿದರೆ ಸಾಕು. ಮಾಮೂಲಿ ಬ್ಯಾಟರಿ ಚಾರ್ಜರಿನ ಪಾಸಿಟಿವ್ ಸರಳಿಗೆ, ನೆಗೆಟಿವ್ ಟ್ಯಾಂಕಿಗೆ. ಅದಲು ಬದಲಾದರೆ ಟ್ಯಾಂಕೇ ಕರಗೋಕೆ ಶುರುವಾಗುತ್ತೆ, ಅದಕ್ಕೆ ಎರಡು ಸಲ ನೋಡಿ ಸ್ವಿಚ್ ಹಾಕು. ನಿಮಿಷದಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಸಂಜೆ ಹೊತ್ತಿಗೆ ಮೇಲೆ ಕಂದು ನೊರೆ ಕಟ್ಟುತ್ತೆ. ಸರಳು ಹೊರಗೆ ತೆಗೆದರೆ ಕೆಮ್ಮಣ್ಣು ಮೆತ್ತಿದ ಹಾಗೆ ಹೆಪ್ಪುಗಟ್ಟಿರುತ್ತೆ. ಕೆರೆದು ಮತ್ತೆ ಇಳಿಬಿಡಬೇಕು. ಟ್ಯಾಂಕಿನ ಒಳಗಿನ ಕೆಂಪು ತುಕ್ಕು ಕಪ್ಪಾಗಿ ಸಡಿಲವಾಗುತ್ತೆ, ತೊಳೆದರೆ ಬರುತ್ತೆ.

ಎರಡು ಎಚ್ಚರಿಕೆ. ಏಳೋ ಗುಳ್ಳೆಯಲ್ಲಿ ಹೈಡ್ರೋಜನ್ ಇರುತ್ತೆ, ಹಾಗಾಗಿ ಬಯಲಲ್ಲೇ ಮಾಡು, ಕಿಡಿ ಹತ್ತಿರ ಸುಳಿಯಬಾರದು, ವೈರಿನ ಕ್ಲಿಪ್ ಕೀಳೋ ಮೊದಲು ಚಾರ್ಜರ್ ಆರಿಸು. ಸರಳು ಸ್ಟೇನ್‌ಲೆಸ್ ಸ್ಟೀಲಿನದಾಗಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತೆ. ಮುಗಿದ ಮೇಲೆ ತೊಳೆದು ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿ ತೆಳ್ಳಗೆ ಎಣ್ಣೆ ಸವರಿಬಿಡು, ಬರಿಯ ಕಬ್ಬಿಣ ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತೆ. ಹಳೇ ಟ್ಯಾಂಕಿಗೆ ವೆಲ್ಡಿಂಗ್ ಬೇಕಿದ್ದರೆ ಅದನ್ನೇ ಮಾಡೋರ ಕೈಗೆ ಕೊಡು. ಖಾಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಹಬೆ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ.

ವೈರಿಂಗು ನಾನು ಹೊಸದಾಗಿಯೇ ಎಳೆದೆ. ಪ್ಲಗ್ಗಿಗೆ ಕಿಡಿ ಕೊಡೋ ಸಿಡಿಐ ಡಬ್ಬಕ್ಕೆ, ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸೋ ಮ್ಯಾಗ್ನೆಟೋದಿಂದಲೇ ಕರೆಂಟು ಬರೋದರಿಂದ ಬ್ಯಾಟರಿ ಸತ್ತರೂ ಎಂಜಿನ್ ಓಡುತ್ತೆ. ಹಾಗಾಗಿ ಉಳಿದಿದ್ದು ಲೈಟು, ಹಾರ್ನು, ಇಂಡಿಕೇಟರು ಅಷ್ಟೇ. ಸ್ಟೇಟರಿನಿಂದ (ಮ್ಯಾಗ್ನೆಟೋದ ಸುರುಳಿಗಳು) ವೋಲ್ಟೇಜ್ ಹದದಲ್ಲಿಡೋ ರೆಗ್ಯುಲೇಟರ್, ಅಲ್ಲಿಂದ ಸಣ್ಣ ಬ್ಯಾಟರಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಆಮೇಲೆ ಕೀ. 60 ವಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತೆ, ಅದಕ್ಕೆ ತಕ್ಕ ದಪ್ಪದ ವೈರು ಹಾಕು. ಬಣ್ಣ ಬಣ್ಣದ ವೈರು ಸಿಗದಿದ್ದರೆ ತುದಿಗೆ ಚೀಟಿ ಅಂಟಿಸು. ಫ್ರೇಮಿಗೆ ಅರ್ಥ್ ಕೊಡೋ ಜಾಗದಲ್ಲಿ ಪೇಂಟು ಕೆರೆದು ಹೊಳೆಯೋ ಲೋಹ ಕಾಣಿಸಬೇಕು. ಹಳೇ ಗಾಡಿಯ ಕರೆಂಟಿನ ಕಾಯಿಲೆ ಬಹಳಷ್ಟು ಅಲ್ಲೇ ಇರೋದು.

ಈಗ ಅಮ್ಮನನ್ನು ಕರಿ.

ಅಮ್ಮಾ, ಗಾಡಿ ಹಳೇದು, ಅದನ್ನು ನಿಲ್ಲಿಸೋ ಸಾಮಾನು ಹಳೇದಲ್ಲ. ಬ್ರೇಕಿನ ಪೈಪು ಹೊಸದು. ಹಳೇ ರಬ್ಬರ್ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತೆ, ಅದಕ್ಕೇ ಬಿಸಾಕಿದೆ. ಸೀಲುಗಳು, ಪ್ಯಾಡು, ಹಿಂದಿನ ಬ್ರೇಕ್ ಶೂ, ಬ್ರೇಕ್ ಆಯಿಲ್ಲು ಎಲ್ಲ ಹೊಸದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂತಿದ್ದರೆ 2019ರ 23ನೇ ವಾರದ್ದು. ಗಾಡಿ ಜೊತೆ ಬಂದ ಟೈರುಗಳು ಗೀಟು ಸವೆದಿರಲಿಲ್ಲ, ಆದರೂ ರಬ್ಬರು ಬಿರುಕು ಬಿಟ್ಟು ಕಲ್ಲಾಗಿತ್ತು. ಅವನ್ನೂ ತೆಗೆದೆ. ಚಕ್ರದ ಬೇರಿಂಗು, ಹ್ಯಾಂಡಲಿನ ಕೋನ್ ಸೆಟ್ಟು, ಚೈನು, ಕೇಬಲ್ಲುಗಳು ಹೊಸವು. ಇಷ್ಟಕ್ಕೇ ನನ್ನ ದುಡ್ಡು ಹೋಗಿದ್ದು, ಮಿಕ್ಕ ಗಾಡಿ ಹೆಚ್ಚುಕಮ್ಮಿ ಗುಜರಿಯೇ, ನೀನು ಹೇಳಿದ್ದು ಸುಳ್ಳಲ್ಲ. ಹೆಲ್ಮೆಟ್ಟು, ಗ್ಲೌಸು, ಕಾಲುಚೀಲದ ಮೇಲೆ ದಪ್ಪ ಬೂಟು, ಎಲ್ಲ ಹಾಕ್ಕೋತೀನಿ. ಸಾಕಾ?

ಮತ್ತೆ ನಿನಗೆ, ಪುಟ್ಟ. ಬೇರೆ ಬೇರೆ ಗಾಡಿಯ ಬ್ರೇಕ್ ಸಾಮಾನು ಸೇರಿಸುವಾಗ ಲಿವರ್ ಹತ್ತಿರ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಅಳತೆ ನೋಡು. ಚಕ್ರದ ಡಿಸ್ಕನ್ನು ಹಿಡಿಯೋ ಕ್ಯಾಲಿಪರಿಗೆ ಹೋಲಿಸಿದರೆ ಅದು ತೀರಾ ದೊಡ್ಡದಾದರೆ ಲಿವರ್ ಕೊರಡಿನ ಹಾಗೆ ಗಟ್ಟಿ, ಎಷ್ಟು ಒತ್ತಿದರೂ ಹಿಡಿಯಲ್ಲ. ತೀರಾ ಸಣ್ಣದಾದರೆ ಲಿವರ್ ಹ್ಯಾಂಡಲಿಗೇ ಬಂದು ತಾಗುತ್ತೆ. ಬ್ರೇಕ್ ಆಯಿಲ್ ಬಾಟಲಿ ತೆರೆದಿಟ್ಟರೆ ಗಾಳಿಯ ತೇವ ಹೀರುತ್ತೆ, ಪೇಂಟಿನ ಮೇಲೆ ಬಿದ್ದರೆ ಪೇಂಟು ಎದ್ದು ಬರುತ್ತೆ.

ಫೋರ್ಕು ಇಳಿಸಿ ಮುಂದೆ ತಗ್ಗು ಮಾಡೋ ಆಸೆ ನಿನಗಿದೆ ಅಂತ ಫೋಟೋ ನೋಡಿಯೇ ಗೊತ್ತಾಯ್ತು. ಮುಂದೆ ಇಳಿಸಿದಷ್ಟೂ ಟ್ರೇಲು, ಅಂದರೆ ಹ್ಯಾಂಡಲ್ ತಿರುಗೋ ಗೆರೆ ನೆಲಕ್ಕೆ ಮುಟ್ಟೋ ಜಾಗಕ್ಕೂ ಟೈರು ನೆಲಕ್ಕೆ ತಾಗೋ ಜಾಗಕ್ಕೂ ಇರೋ ದೂರ, ಕಮ್ಮಿಯಾಗುತ್ತೆ, ಹ್ಯಾಂಡಲ್ ಹಗುರಾಗಿ ವೇಗದಲ್ಲಿ ಅದುರೋಕೆ ಶುರುವಾಗಬಹುದು. ಕಂಪನಿಯವರು ಇಟ್ಟ ಎತ್ತರವನ್ನೇ ನಾನು ಉಳಿಸಿಕೊಂಡೆ. ಚೈನ್ ಕೊಳ್ಳುವಾಗ ಇನ್ನೊಂದು: 520, 530 ಎರಡರಲ್ಲೂ ಪಿಚ್ಚು (ಪಿನ್ನಿನಿಂದ ಪಿನ್ನಿಗೆ ದೂರ) 15.875 ಮಿ.ಮೀ., ಒಳಗಿನ ಅಗಲ ಬೇರೆ. ಎರಡು ಸ್ಪ್ರಾಕೆಟ್ಟೂ ಒಂದೇ ನಂಬರಿನವಾಗಿರಲಿ, ನೇರವಾದ ಪಟ್ಟಿ ಇಟ್ಟು ಎರಡೂ ಒಂದೇ ಗೆರೆಯಲ್ಲಿವೆಯಾ ನೋಡು.

ಕಡೆಗೆ ಕಾರ್ಬೊರೇಟರು. ಗಾಳಿ ಡಬ್ಬ ತೆಗೆದು ಚಿಕ್ಕ ಫಿಲ್ಟರ್ ಹಾಕಿ, ಸೈಲೆನ್ಸರ್ ಬದಲಾಯಿಸಿದರೆ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಸಾಲದೆ ಹೋಗುತ್ತೆ. ಜೆಟ್ಟು ಅಂದರೆ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತು. ಆಕ್ಸಿಲರೇಟರ್ ಸ್ವಲ್ಪವೇ ತಿರುಗಿಸಿದಾಗ ಪೈಲಟ್ ಜೆಟ್ಟು, ನಡುವೆ ಸೂಜಿ, ಪೂರ್ತಿ ಎಳೆದಾಗ ಮೇನ್ ಜೆಟ್ಟು ಕೆಲಸ ಮಾಡೋದು. ಎಲ್ಲಿ ಮುಗ್ಗರಿಸುತ್ತೆ ನೋಡಿ ಅದನ್ನೇ ಮುಟ್ಟು, ಒಂದು ಸಲಕ್ಕೆ ಒಂದೇ ಬದಲಾವಣೆ. ಸೂಜಿಯ ಕ್ಲಿಪ್ಪನ್ನು ಕೆಳಗಿನ ಗೀಟಿಗೆ ಹಾಕಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚಾಗುತ್ತೆ. ಪ್ಲಗ್ ಬಿಚ್ಚಿದಾಗ ಬೆಳ್ಳಗಿದ್ದರೆ ಪೆಟ್ರೋಲ್ ಕಮ್ಮಿ, ಮಸಿ ಹಿಡಿದಿದ್ದರೆ ಜಾಸ್ತಿ, ತಿಳಿ ಕಂದು ಇದ್ದರೆ ಬಿಟ್ಟುಬಿಡು. ನನ್ನದು ಇನ್ನೂ ಅರ್ಧ ಥ್ರಾಟಲಿನಲ್ಲಿ ಸ್ವಲ್ಪ ಕೆಮ್ಮುತ್ತೆ, ಕ್ಲಿಪ್ಪು ಒಂದು ಗೀಟು ಕೆಳಗಿಳಿಸಿ ನೋಡಬೇಕು.

ನಿನ್ನ ಗಾಡಿಯ ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ಒಂದು ಫೋಟೋ, ಮುಂದಿನ ಚಕ್ರದ ಹತ್ತಿರ ಫೋರ್ಕ್ ಪೈಪಿನ ಫೋಟೋ ಕಳಿಸು. ಪೈಪಿನ ಮೇಲೆ ಉಗುರು ಎಳೆದು ನೋಡು, ಸೀಲು ಓಡಾಡೋ ಜಾಗದಲ್ಲಿ ತುಕ್ಕಿನ ಗುಳಿ ಸಿಕ್ಕರೆ ಅದನ್ನೂ ಬರಿ. ಆಮೇಲೆ ಯಾವುದು ಇಟ್ಟುಕೊಳ್ಳೋದು, ಯಾವುದು ಬಿಸಾಕೋದು ಅಂತ ಕೂತು ನೋಡೋಣ. ಅಲ್ಲಿವರೆಗೆ ಗ್ರೈಂಡರನ್ನು ಅಪ್ಪನ ಹತ್ತಿರ ಕೊಟ್ಟಿರು.

ಇಂತಿ,
ನಿನ್ನ ಅಕ್ಕ