ಮದುವೆಗೆ ಮುಂಚೆ ಆಪರೇಷನ್ ಆಗಲಿ ಅಕ್ಕ

ಸ್ಟಾಕ್‌ಹೋಮ್

ಪ್ರೀತಿಯ ಅಕ್ಕ,

ಭಾವ ಕಳಿಸಿದ ನಿನ್ನ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟು, ವಿಡಿಯೋ ಎರಡೂ ನೋಡಿದೆ. ಹೃದಯದ ಎಡಗಡೆ ಮೇಲಿನ ಕೋಣೆಯಲ್ಲಿ 4 ಸೆಂ.ಮೀ. ಗಡ್ಡೆ. ನಡುಗೋಡೆಗೆ ತೊಟ್ಟಿನಿಂದ ಅಂಟಿಕೊಂಡಿದೆ. ಹೃದಯ ಬಡಿದಾಗಲೆಲ್ಲ ಆ ಕೋಣೆಯಿಂದ ಕೆಳಗಿನ ಕೋಣೆಗೆ ಇರುವ ಬಾಗಿಲು, ಮೈಟ್ರಲ್ ಕವಾಟದೊಳಕ್ಕೆ ಇಳಿದು ಮತ್ತೆ ಮೇಲೆ ಬರುತ್ತಿದೆ. ಎದ್ದು ಕೂತರೆ ಏದುಸಿರು, ಮಲಗಿದರೆ ಹಾಯೆನಿಸುತ್ತೆ ಅಂತಿದ್ದೆಯಲ್ಲ, ಕೂತಾಗ ಅದು ಜಾರಿ ರಕ್ತದ ದಾರಿಗೆ ಅಡ್ಡ ಬರುತ್ತದೆ. ಸಂಜೆ ಜ್ವರ, ತೂಕ ಇಳಿದಿದ್ದು, ಇವೂ ಅದರಿಂದಲೇ ಇರಬಹುದು.

ಡಾಕ್ಟರು ಹೇಳಿದ ಮಿಕ್ಸೋಮಾ ಅನ್ನುವ ಈ ಬಗೆಯ ಗಡ್ಡೆ ಕ್ಯಾನ್ಸರ್ ಅಲ್ಲ. ಬಯಾಪ್ಸಿ ಆದಮೇಲೇ ಖಚಿತವಾಗಿ ಹೇಳುವುದು, ನಿಜ. ಆದರೆ ಆ ಜಾಗ, ಆ ತೊಟ್ಟು ನೋಡಿದರೆ ನನಗೂ ಹಾಗೇ ಅನಿಸುತ್ತದೆ. ದೊಡ್ಡವರಿಗೆ ಹೃದಯದಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಇದೇ ಜಾಸ್ತಿ, ಅದರಲ್ಲೂ ಹೆಂಗಸರಿಗೆ.

ಕ್ಯಾನ್ಸರ್ ಅಲ್ವಲ್ಲ, ಪುಟ್ಟಿ ಮದುವೆ ಮುಗಿಯಲಿ ಅಂತ ಮನೆಯಲ್ಲಿ ಹೇಳುತ್ತಿದ್ದಾರಂತೆ. ದಯವಿಟ್ಟು ಕಾಯಬೇಡ. ಇದು ಮಾತ್ರೆಗೆ ಕರಗುವುದಿಲ್ಲ. ನಮ್ಮ ಥಿಯೇಟರಿನಲ್ಲಿ ತೆಗೆದದ್ದನ್ನು ಟ್ರೇಯಲ್ಲಿ ನೋಡಿದ್ದೇನೆ, ತಾಟಿನಿಂಗಿನ ಹಾಗೆ ಲೊಳಲೊಳ, ಮೇಲೆ ಅಲ್ಲಲ್ಲಿ ರಕ್ತದ ಕಲೆ. ಚೂರು ಕಿತ್ತು ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ನನಗಿರುವ ಭಯ ಅದೊಂದೇ.

ಆಪರೇಷನ್ ಬಗ್ಗೆ ಹೆದರಬೇಡ. ಎದೆಮೂಳೆ ಬಿಡಿಸಿ, ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮಷಿನ್‌ಗೆ ಹಾಕಿ, ಹೃದಯ ನಿಲ್ಲಿಸುತ್ತಾರೆ. ನಾನು ದಿನಾ ಕೂರುವುದು ಆ ಮಷಿನ್ ಮುಂದೆಯೇ. ಮಿಕ್ಸೋಮಾ ಇದ್ದ ದಿನ, ಮಹಾಧಮನಿಗೆ ಕ್ಲ್ಯಾಂಪ್ ಬಿದ್ದು ದಾರಿ ಮುಚ್ಚುವವರೆಗೂ ಹೃದಯವನ್ನು ಯಾರೂ ಸುಮ್ಮಸುಮ್ಮನೆ ಮುಟ್ಟುವುದಿಲ್ಲ, ಚೂರು ಉದುರಬಾರದು ಅಂತ. ತೊಟ್ಟಿನ ಬುಡದ ಗೋಡೆಯನ್ನೂ ಸ್ವಲ್ಪ ಸೇರಿಸಿ ಕತ್ತರಿಸುತ್ತಾರೆ, ಇಲ್ಲದಿದ್ದರೆ ಮತ್ತೆ ಚಿಗುರಬಹುದು. ಆ ತೂತಿಗೆ ಹೃದಯದ ಹೊರಪೊರೆಯದೇ ತುಂಡು ಇಟ್ಟು ಹೊಲಿಯುವುದುಂಟು. ಆಮೇಲೆ ಕೆಲವು ದಿನ ಬಡಿತ ಹೆಚ್ಚುಕಮ್ಮಿ ಆಗಬಹುದು, ಅದಕ್ಕೆ ಔಷಧಿ ಇದೆ.

ಇದನ್ನು ಮೊದಲ ಸಲ ಹೀಗೆ ಗೆದ್ದಿದ್ದು ಇದೇ ಊರಲ್ಲಿ, 1954ರಲ್ಲಿ, ಕ್ಲಾರೆನ್ಸ್ ಕ್ರಾಫೂರ್ಡ್ ಅನ್ನುವ ಸರ್ಜನ್. ಅದಕ್ಕೆ ಮುಂಚೆ ಇಂಥ ಗಡ್ಡೆ ಬಹುಪಾಲು ಸತ್ತಮೇಲೇ ಗೊತ್ತಾಗುತ್ತಿತ್ತು. ನಿನಗೆ ಮಾಡಿದ ಎಕೋ ಕೂಡ ಈ ದೇಶದ್ದೇ, ಲುಂಡ್ ಊರಲ್ಲಿ 1953ರಲ್ಲಿ ಎಡ್ಲರ್, ಹರ್ಟ್ಸ್ ಇಬ್ಬರೂ ಶುರು ಮಾಡಿದ್ದು. ಈಗ ಬೆಂಗಳೂರಲ್ಲೇ ಎಲ್ಲಾ ಆಗುತ್ತದೆ. ಜಯದೇವ ಆಸ್ಪತ್ರೆಯಲ್ಲಿ ಈ ವಾರವೇ ತೋರಿಸಿ.

ಮದುವೆ ಮುಂದಕ್ಕೆ ಹಾಕುವ ಮಾತು ನಿನಗೆ ಕಷ್ಟ ಅಂತ ಗೊತ್ತು. ಬೀಗರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಅಡ್ಮಿಟ್ ದಿನ ಗೊತ್ತಾದ ಕೂಡಲೇ ಭಾವ ತಿಳಿಸಲಿ, ಟಿಕೆಟ್ ಮಾಡಿಸುತ್ತೇನೆ.

ನಿನ್ನ ತಂಗಿ