ಒಕವಾಂಗೋ ಕ್ಯಾಂಪಿಗೆ ಹೊರಡುವವರು ಓದಿ

ಜುಲೈನಲ್ಲಿ ಬೋಟ್ಸ್ವಾನಾದ ಒಕವಾಂಗೋಗೆ (ನದಿ ಹರಡಿಕೊಂಡು ಆಗಿರುವ ದೊಡ್ಡ ಜೌಗು ಕಾಡು) ಸಫಾರಿಗೆ ಬರುತ್ತಿರುವವರು ಇದನ್ನು ಪೂರ್ತಿ ಓದಿಬಿಡಿ, ಆಮೇಲೆ ಒಬ್ಬೊಬ್ಬರೇ ಫೋನ್ ಮಾಡಿ ಕೇಳಬೇಡಿ 🙏

ಮೊದಲು ಬ್ಯಾಗ್. ಮೌನ್ ಊರಿನಿಂದ ಕ್ಯಾಂಪಿಗೆ ಹೋಗೋದು ಪುಟ್ಟ ವಿಮಾನದಲ್ಲಿ. ಒಬ್ಬರಿಗೆ ಸಾಮಾನ್ಯವಾಗಿ 20 ಕೆಜಿ ಮಾತ್ರ, ಅದೂ ಕ್ಯಾಮೆರಾ, ಕೈಚೀಲ ಎಲ್ಲಾ ಸೇರಿ. ಚಕ್ರದ ಗಟ್ಟಿ ಸೂಟ್‌ಕೇಸ್ ಅದರ ಹೊಟ್ಟೆಯೊಳಗೆ ಹಿಡಿಸಲ್ಲ, ಮೆತ್ತನೆ ಬಟ್ಟೆ ಬ್ಯಾಗೇ ತನ್ನಿ. ಸುಮ್ನೆ ಬಟ್ಟೆ ತುಂಬಬೇಡಿ, ಇಂಥ ಕ್ಯಾಂಪ್‌ಗಳಲ್ಲಿ ಒಗೆದು ಕೊಡುತ್ತಾರೆ.

ಸ್ವೆಟರ್, ಟೋಪಿ ಮಾತ್ರ ಬಿಡಬೇಡಿ. ಅಲ್ಲಿ ಆಗ ಚಳಿಗಾಲ. ಬೆಳಗಿನ ಜಾವ ತೆರೆದ ಜೀಪಿನಲ್ಲಿ ಗಾಳಿ ಮುಖಕ್ಕೆ ಹೊಡೆಯುವಾಗ ಕ್ಯಾಂಪಿನವರು ಕೊಡುವ ಕಂಬಳಿ ಸಾಲಲ್ಲ. ಮಳೆ ಇಲ್ಲದಿದ್ದರೂ ನೀರು ತುಂಬಿರುವುದು ಆ ಸಮಯದಲ್ಲೇ, ಯಾಕಂದ್ರೆ ಅಂಗೋಲಾದಲ್ಲಿ ತಿಂಗಳುಗಳ ಹಿಂದೆ ಬಿದ್ದ ಮಳೆ ನಿಧಾನವಾಗಿ ಹರಿದು ಆ ಹೊತ್ತಿಗೆ ಒಕವಾಂಗೋಗೆ ಬಂದು ಹರಡಿಕೊಳ್ಳುತ್ತದೆ, ಮೊಕೊರೊ ದೋಣಿ ಸುತ್ತಾಟಕ್ಕೆ ಇದೇ ಒಳ್ಳೆ ಕಾಲ. ರೇಟೂ ಆ ಸಮಯದಲ್ಲೇ ಜಾಸ್ತಿ, ಏನು ಮಾಡೋದು!

ಬಹುತೇಕ ಕ್ಯಾಂಪ್‌ಗಳಿಗೆ ಬೇಲಿ ಇರಲ್ಲ. ಕತ್ತಲಾದ ಮೇಲೆ ಟೆಂಟಿನಿಂದ ಒಬ್ಬರೇ ಹೊರಡುವ ಹಾಗಿಲ್ಲ, ಕ್ಯಾಂಪಿನವರೇ ಬಂದು ಊಟಕ್ಕೆ ಕರೆದೊಯ್ಯುತ್ತಾರೆ. ದಾರಿಯಲ್ಲಿ ಆನೆ ನಿಂತಿದ್ದರೆ ಊಟ ತಡ, ಅಷ್ಟೇ.

ಸಸ್ಯಾಹಾರಿಗಳು, ಮೊಟ್ಟೆ ತಿನ್ನದವರು ಭಾನುವಾರದೊಳಗೆ ಇಲ್ಲೇ ಹೆಸರು ಹಾಕಿ. ಕ್ಯಾಂಪಿನ ಅಡುಗೆ ಸಾಮಾನೂ ದೂರದಿಂದಲೇ ಬರಬೇಕು, ಹೋದ ಮೇಲೆ ಹೇಳಿದರೆ ಆಗಲ್ಲ.